ರೋಲು ಮುಗಿಸಲು ತೆಗೆದ ಫೋಟೋಗಳು

ಕಳೆದ ತಿಂಗಳು ಅಪ್ಪನ ಮೊಣಕಾಲಿನ ಎಕ್ಸ್‌ರೇ ತೆಗೆಸಲು ಮಿರಜಿಗೆ ಹೋಗಿದ್ದೆವು. ಫಿಲ್ಮು ತೊಳೆಯುವ ಕತ್ತಲೆ ಕೋಣೆಯ ಬಾಗಿಲು ಒಮ್ಮೆ ತೆರೆದು ಮುಚ್ಚಿತು, ಅಷ್ಟೇ. ಮೂಗಿನ ಒಳಗೆ ಚುಚ್ಚುವಂಥ ಒಂದು ಹುಳಿ ವಾಸನೆ ಹೊರಗೆ ಬಂತು. ಬೆಂಚಿನ ಮೇಲೆ ಕುಳಿತಿದ್ದ ಅಪ್ಪ ತಲೆಯೆತ್ತಿ ನನ್ನ ಕಡೆ ನೋಡಿದ.

“ನಿಮ್ಮ ಕಾಕೂ,” ಅಂದ.

ಆಮೇಲೆ ನನಗೆ ಅಲ್ಲಿ ಕೂಡಲಾಗಲಿಲ್ಲ. ನಮ್ಮ ಸರದಿ ಬರುವವರೆಗೆ ಆ ಉದ್ದನೆಯ ಪಡಸಾಲೆಯಲ್ಲಿ ಸುಮ್ಮನೆ ಅತ್ತಿಂದಿತ್ತ ತಿರುಗಾಡಿದೆ. ಊರಿಗೆ ಬಂದ ಮೇಲೂ ಅದೇ. ಐದನೇ ಇಯತ್ತೆಯಿಂದ ಡೈರಿ ಬರೆಯುವವಳು ನಾನು. ತಾರೀಖು, ಮನೆಗೆ ಬಂದವರು, ಹೋದವರು, ನಳಕ್ಕೆ ನೀರು ಬಂತೋ ಇಲ್ಲವೋ... ಹೆಚ್ಚಾಗಿ ಇಂಥವೇ. ಹಳೆಯವನ್ನೆಲ್ಲ ಕೆಳಗಿಳಿಸಿ ಕಾಕೂ ಬಂದ ದಿನಗಳಿಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಕುಳಿತೆ. ಅರ್ಧಕ್ಕೆ ಬಿಟ್ಟು ಎದ್ದೆ. ಗೆರೆಗಳು ಬಹಳ ಆದವು, ಕಾಕೂ ಮಾತ್ರ ಬರಲಿಲ್ಲ. ಅದಕ್ಕೇ ಹೀಗೆ ಬರೆಯುತ್ತಿದ್ದೇನೆ.

ಚಿಕ್ಕೋಡಿಯಲ್ಲಿ ನಮ್ಮ ಓಣಿ ಬಸ್ ಸ್ಟ್ಯಾಂಡಿನ ರಸ್ತೆಗೆ ಕೂಡುವ ಮೂಲೆಯಲ್ಲಿ ಕಾಕೂನ ಫೋಟೋ ಸ್ಟುಡಿಯೋ ಇತ್ತು. ಮುಂದೆ ಅಂಗಡಿ, ನಡುವೆ ಕತ್ತಲೆ ಕೋಣೆ, ಹಿಂದೆ ಸಂಸಾರ. ಗಂಡ ತೀರಿಕೊಂಡಾಗ ಇನ್ನು ಅಂಗಡಿ ಮುಚ್ಚಿದಂತೆಯೇ ಎಂದು ಎಲ್ಲರೂ ತಿಳಿದಿದ್ದರು. ದಿನಕರ್ಮಗಳು ಮುಗಿದದ್ದೇ ತಡ, ಅವರು ಗಂಡನ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊದಲೇ ಮುಂಗಡ ಪಡೆದಿದ್ದ ಒಂದು ಮದುವೆಗೆ ಬಸ್ಸು ಹತ್ತಿದರು. ನಿಪ್ಪಾಣಿ ಕಡೆಯವರು, ಮನೆಮಾತು ಮರಾಠಿ. ಹುಡುಗರಿಗೆಲ್ಲ ಕಾಕೂ, ಅಂದರೆ ಚಿಕ್ಕಮ್ಮ. ದೊಡ್ಡವರು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು.

ಕಾಕೂ ಕುಳಿತದ್ದನ್ನು ನಾನು ನೋಡಿದ ನೆನಪೇ ಇಲ್ಲ. ನಮ್ಮ ಮನೆಯಲ್ಲಿ ಚಹಾ ಕುಡಿಯುವಾಗಲೂ ಹೊಸ್ತಿಲ ಹತ್ತಿರ ನಿಂತೇ, ಬಸಿಗೆ ಸುರಿದು, ಊದಿ, ಎರಡು ಗುಟುಕಿಗೆ ಮುಗಿಸುತ್ತಿದ್ದರು. “ಕುಂದರ್ರಿ ವೈನಿ, ಯಾವ ಗಾಡಿ ತಪ್ಪತೈತಿ?” ಎಂದು ಅವ್ವ ಕೇಳಿದರೆ, “ರೋಲ್ ಅರ್ಧಾ ಐತಿ,” ಎನ್ನುತ್ತಿದ್ದರು. ಅದೇ ಉತ್ತರ, ಯಾವಾಗಲೂ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರದು ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಇಣುಕಿ ನೋಡುವ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡು ಫೋಟೋ. ರೋಲು ಪೂರ್ತಿ ಮುಗಿಯದೆ ಅದನ್ನು ಹೊರಗೆ ತೆಗೆದು ತೊಳೆದರೆ ಉಳಿದ ಫಿಲ್ಮು ದಂಡ. ಮದುವೆಯವರಿಗೋ ಅವಸರ, ದಿನಾ ಬಂದು ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಹಾಗಾಗಿ ಕಾಕೂ ಉಳಿದ ಎರಡು ಮೂರು ಫೋಟೋಗಳನ್ನು ದಾರಿಯಲ್ಲಿ ಸಿಕ್ಕಿದ್ದರ ಮೇಲೆ ತೆಗೆದು ಮುಗಿಸಿಬಿಡುತ್ತಿದ್ದರು. ಯಡೂರಿನಲ್ಲಿ ಹೊಳೆಯ ಮೆಟ್ಟಿಲ ಮೇಲೆ ಒಣಹಾಕಿದ ಸೀರೆಗಳು. ನಿಪ್ಪಾಣಿಯ ತಂಬಾಕಿನ ವಖಾರದ ಮುಂದೆ ಮೂಗು ಬಾಯಿಗೆ ಸೆರಗು ಸುತ್ತಿಕೊಂಡು ಜರಡಿ ಹಿಡಿಯುವ ಹೆಂಗಸರು. ಉಗಾರದ ದಾರಿಯಲ್ಲಿ ಸಾಲಾಗಿ ನಿಂತ ಕಬ್ಬಿನ ಚಕ್ಕಡಿಗಳು. ಬಿದ್ದುಹೋಗಲಿರುವ ವಾಡೆಯ ಬಾಗಿಲು, ಹಗ್ಗ ಸವೆಸಿದ ಬಾವಿಯ ಕಟ್ಟೆ, ನಮ್ಮ ಓಣಿಯ ಒಂದೊಂದು ಮನೆ...

ಜನ ನಗುತ್ತಿದ್ದರು. “ಏನ್ರಿ ವೈನಿ, ಖಾಲಿ ಗ್ವಾಡಿದು ಯಾತಕ? ಗ್ವಾಡಿಗೆ ವರ ನೋಡಾಕತ್ತೀರೇನು?”

“ಹೌದೋ ಬಾಬಾ, ನಿನ್ನಕಿಂತ ಚಲೋ ನಿಂದರತೈತಿ ಅದು. ಅಳ್ಳಾಡೂದಿಲ್ಲ,” ಎನ್ನುತ್ತ ಅವರು ಆಗಲೇ ಮುಂದೆ ಹೋಗಿರುತ್ತಿದ್ದರು.

ಇದಲ್ಲದೆ ಅವರಿಗೆ ಇನ್ನೊಂದು ಕೆಲಸವಿತ್ತು. ನಮ್ಮಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹಾರ, ಎರಡೂ ಕಡೆ ಮನೆಯವರು. ಆಗ ಒಂದು ಫೋಟೋ ತೆಗೆಸುವ ಪದ್ಧತಿ. ಎಷ್ಟೋ ಮುದುಕಿಯರಿಗೆ ಹುಟ್ಟಿದಂದಿನಿಂದ ಅದೇ ಮೊದಲ ಫೋಟೋ. ಆದರೆ ಕಣ್ಣು ಮುಚ್ಚಿದ ಮುಖವನ್ನು ದಿನಾ ನೋಡುವುದು ಹೇಗೆ? ಅದಕ್ಕಾಗಿ ಕಾಕೂ ಸಣ್ಣ ಕುಂಚದಿಂದ ಪ್ರತಿಯ ಮೇಲೆ ತೆರೆದ ಕಣ್ಣು ಬರೆದುಕೊಡುತ್ತಿದ್ದರು. ನೋಡಿ ಬರೆಯಲು ಎದುರಿಗೆ ಒಂದು ಕನ್ನಡಿ ಇಟ್ಟುಕೊಳ್ಳುತ್ತಿದ್ದರು. ಹೀಗಾಗಿ ನಮ್ಮ ಓಣಿಯಲ್ಲಿ ಸತ್ತವರೆಲ್ಲರಿಗೂ ಕಾಕೂನ ಕಣ್ಣು. ಅದನ್ನು ಗಮನಿಸಿದವರೂ ಇದ್ದರು, ಬಾಯಿಬಿಟ್ಟು ಆಡುತ್ತಿರಲಿಲ್ಲ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಎಂದೂ ಫೋಟೋಕ್ಕೆ ನಿಂತವಳಲ್ಲ. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಗಟ್ಟಿಯಾಗಿ ನಂಬಿದ್ದಳು. ಓಣಿಯಲ್ಲಿ ಕಾಕೂ ಕಂಡರೆ ಸಾಕು, “ಏ ಫೋಟೋದಾಕಿ, ಆ ಡಬ್ಬಿ ಅತ್ತಾಗ ತಿರುವು. ನನಗ ಇನ್ನೂ ಸಾಯೂ ಪುರಸೊತ್ತಿಲ್ಲ,” ಎಂದು ಕೂಗುತ್ತಿದ್ದಳು.

ಎಂಬತ್ತೇಳರ ಬೇಸಿಗೆಯಲ್ಲಿ ಆಯಿ ಹೋದಳು. ಬೆಳಿಗ್ಗೆ ಎದ್ದು ಒಲೆಗೆ ಕಟ್ಟಿಗೆ ಇಟ್ಟವಳು ಅಲ್ಲೇ ಒರಗಿದ್ದಳಂತೆ. ಅಪ್ಪ ಆಗ ಲಾರಿ ಓಡಿಸುತ್ತಿದ್ದ. ನಿಪ್ಪಾಣಿಯಿಂದ ತಂಬಾಕಿನ ಲೋಡು ಹೊತ್ತು ಗುಜರಾತಿಗೆ ಹೋಗಿದ್ದ. ಎಲ್ಲಿ ಇದ್ದಾನೆಂದು ತಿಳಿಸುವುದು ಹೇಗೆ, ಎಷ್ಟು ಹೊತ್ತು ಕಾಯುವುದು... ಸಂಜೆಯ ಹೊತ್ತಿಗೆ ದೊಡ್ಡಪ್ಪ ಎಲ್ಲ ಮುಗಿಸಿದ. ಅದಕ್ಕೂ ಮೊದಲು ಕಾಕೂ ಬಂದು, ಗೋಡೆಗೆ ಒರಗಿಸಿ ಕೂಡಿಸಿದ್ದ ಆಯಿಯ ಫೋಟೋ ತೆಗೆದುಕೊಂಡು ಹೋಗಿದ್ದರು.

ಅಪ್ಪ ಬಂದಾಗ ಮನೆಯಲ್ಲಿ ಅಳು ಕೂಡ ಮುಗಿದಿತ್ತು. ದೊಡ್ಡಪ್ಪ ಕಟ್ಟು ಹಾಕಿಸಿದ ಫೋಟೋವನ್ನು ಅವನ ಕೈಗೆ ಕೊಟ್ಟ. ಅಪ್ಪ ಅದನ್ನು ಬೆಳಕಿಗೆ ಒಯ್ದ. ಆಯಿಯ ಎಡಗಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಆ ಕಣ್ಣನ್ನು ಕಿರಿದು ಮಾಡಿ, ಕತ್ತು ಓರೆ ಮಾಡಿ ನೋಡುವುದೇ ಅವಳ ನೋಟ. ಫೋಟೋದಲ್ಲಿ ಎರಡೂ ಕಣ್ಣು ಅಗಲವಾಗಿ, ಹೊಳೆಯುತ್ತ, ನೇರವಾಗಿ ನೋಡುತ್ತಿದ್ದವು.

“ಇದು ನಮ್ಮವ್ವ ಅಲ್ಲ,” ಅಂದ ಅಪ್ಪ.

“ಚಲೋ ಬಂದೈತಲ್ಲೋ. ಹರೇದಾಕಿಗತೆ ಕಾಣಾಕತ್ತಾಳ,” ಅಂದ ದೊಡ್ಡಪ್ಪ.

“ಹರೇದಾಕಿ ನನಗ ಗೊತ್ತಿಲ್ಲಣ್ಣಾ. ನನಗ ನಮ್ಮವ್ವ ಬೇಕು.”

ಮರುದಿನದಿಂದ ಅಪ್ಪ ಒಂದು ಕಡೆ ನಿಲ್ಲಲಿಲ್ಲ. ಜಗಲಿಗೆ ಬರುವುದು, ಒಳಗೆ ಹೋಗುವುದು, ಒಲೆಯ ಮುಂದೆ ನಿಲ್ಲುವುದು, ಮತ್ತೆ ಬರುವುದು. ಊಟಕ್ಕೆ ಕೂತರೆ ಅರ್ಧ ರೊಟ್ಟಿಗೆ ಏಳುತ್ತಿದ್ದ. ಆ ವಾರದ ನನ್ನ ಡೈರಿಯಲ್ಲಿ ಬೇರೇನೂ ಇಲ್ಲ. ಅಪ್ಪ ಉಂಡಿಲ್ಲ, ಅಪ್ಪ ಉಂಡಿಲ್ಲ ಎಂದಷ್ಟೇ ಇದೆ. ಒಂದು ಮಧ್ಯಾಹ್ನ ನನ್ನನ್ನೂ ಅವ್ವನನ್ನೂ ಕರೆದುಕೊಂಡು ನೇರ ಸ್ಟುಡಿಯೋಕ್ಕೆ ಹೋದ.

“ವೈನಿ, ನಮ್ಮವ್ವನ್ನ ಯಾವತ್ತರೆ ಒಮ್ಮೆ ತಗದೀರೇನು? ಆಕಿಗೆ ಗೊತ್ತಿಲ್ಲದಂಗರೆ?”

ಕಾಕೂ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟರು. “ಒಮ್ಮೆ... ಒಮ್ಮೆ ತಗದೀನಿ ಭಾವೋಜಿ. ನಿಮ್ಮ ಮನಿಗೆ ಸುಣ್ಣಾ ಹಚ್ಚಾಕತ್ತಿದ್ರು. ಆದ್ರ ಯಾವ ರೋಲ್, ಅದು ನೆನಪಿಲ್ಲ.”

ಅಲ್ಲೇ ತೊಡಕು. ನೆಗೆಟಿವ್‌ಗಳನ್ನೆಲ್ಲ ಬಿಸ್ಕಿಟಿನ ತಗಡಿನ ಡಬ್ಬಿಗಳಲ್ಲಿ ಇಟ್ಟಿದ್ದರು. ಪ್ರತಿ ಪಾಕೀಟಿನ ಮೇಲೆ ಮದುವೆಯವರ ಹೆಸರು ಮಾತ್ರ. ಮನೆ, ಬಾವಿ, ಬಾಗಿಲು, ಎಲ್ಲವೂ ಯಾರದೋ ಮದುವೆಯ ಬಾಲಕ್ಕೆ ಅಂಟಿಕೊಂಡಿದ್ದವು. ಯಾರ ಮದುವೆ ಎಂದು ನೆನಪಾಗದೆ ನಮ್ಮ ಮನೆ ಸಿಗುವಂತಿರಲಿಲ್ಲ. ಕಾಕೂ ಒಂದೊಂದೇ ಡಬ್ಬಿ ತೆಗೆದು ಪಟ್ಟಿಗಳನ್ನು ಬೆಳಕಿಗೆ ಹಿಡಿದರು, ಇಟ್ಟರು, ಮತ್ತೊಂದು ತೆಗೆದರು. ಅಪ್ಪ ಅಂಗಡಿಯ ಮೆಟ್ಟಿಲು ಇಳಿದು ಹತ್ತಿ ಮಾಡುತ್ತಿದ್ದ. ಕೊನೆಗೆ ಅವ್ವನಿಗೆ ಹೊಳೆಯಿತು.

“ವೈನಿ, ಅವತ್ತ ನಿಮ್ಮ ತಲಿಯಾಗ ಅಕ್ಕಿಕಾಳು ಇದ್ದುವಲ್ರಿ. ನಾನ ತಗದೆ. ಕಬ್ಬೂರ ಮದವಿ ಮುಗಿಸಿ ಬಂದಿದ್ರಿ.”

“ಅಗೋ ಬಾಯಿ, ಕಬ್ಬೂರ!” ಎಂದು ಕಾಕೂ ತಮ್ಮ ಹಣೆಯನ್ನು ತಾವೇ ಬಡಿದುಕೊಂಡರು.

ಕಬ್ಬೂರಿನ ಪಾಕೀಟು ಸಿಕ್ಕಿತು. ಕಾಕೂ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, “ಭಾವೋಜಿ, ಮಾರಿ ಇಲ್ಲ. ಬೆನ್ನು ಐತಿ.”

ಆ ದಿನ ಆಯಿ ಎಂದಿನಂತೆ ಬೈದಿದ್ದಳಂತೆ. ‘ನಿಮ್ಮನ್ನ ಅಲ್ರಿ, ಮನಿ ತಗ್ಯಾಕತ್ತೀನಿ. ನೀವು ಅತ್ತಾಗ ತಿರುಗ್ರಿ, ಬೆನ್ನಿಗೆ ಏನೂ ಆಗೂದಿಲ್ಲ,’ ಎಂದು ಕಾಕೂ ಅಂದರಂತೆ. ಅದಕ್ಕೆ ಆಯಿ, ‘ಬೆನ್ನಿನ ಆಯುಷ್ಯ ಬೇಕಾದ್ರ ಒಯ್ಯಿ, ಹೆಂಗಿದ್ರೂ ಅದು ಬಾಗೇತಿ,’ ಎಂದು ತಿರುಗಿ ನಿಂತು, ಸುಣ್ಣ ಹಚ್ಚುವುದನ್ನು ಮುಂದುವರಿಸಿದ್ದಳು.

“ಬೆನ್ನು ಇದ್ರೂ ನಡೀತೈತಿ. ತಗೀರಿ ವೈನಿ,” ಅಂದ ಅಪ್ಪ.

ಆ ಕತ್ತಲೆ ಕೋಣೆಗೆ ನಾನು ಹೋದದ್ದು ಅದೊಂದೇ ಸಲ. ಕೆಂಪು ದೀಪ, ಮೂರು ತಟ್ಟೆ, ಮೂರನೆಯದರಲ್ಲಿ ಆ ಹುಳಿ ವಾಸನೆಯ ಔಷಧ. ಬಿಳಿ ಕಾಗದದ ಮೇಲೆ ಮೊದಲು ನಮ್ಮ ಸಾಗುವಾನಿಯ ಬಾಗಿಲು ಕಪ್ಪಾಗಿ ಎದ್ದಿತು, ಆಮೇಲೆ ಕಲ್ಲಿನ ಜಗಲಿ, ಅದರ ಮೇಲಿನ ತಾಮ್ರದ ಕೊಡ. ಎಲ್ಲಕ್ಕಿಂತ ಕೊನೆಗೆ, ಅರ್ಧ ಸುಣ್ಣವಾದ ಗೋಡೆಯ ಮುಂದೆ ಬಿಳಿ ಸೀರೆಯ ಆಯಿ. ಬಲಗೈ ಮೇಲಕ್ಕೆತ್ತಿದ್ದಳು, ಎಡಗೈ ಸೊಂಟದ ಮೇಲೆ. ಕತ್ತು, ಹೌದು, ಓರೆಯಾಗಿತ್ತು. ಒಳ್ಳೆಯ ಕಣ್ಣಿನಿಂದ ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ಅಪ್ಪನ ಗಂಟಲಿನಿಂದ ಒಂದು ಸದ್ದು ಬಂತು. ಅಳುವೋ ನಗುವೋ, ನನಗೆ ಈಗಲೂ ಗೊತ್ತಿಲ್ಲ.

“ಇನ್ನ ತೊಳೀಬೇಕು ಭಾವೋಜಿ. ಔಷಧ ಪೂರಾ ಹೋಗಬೇಕಂದ್ರ ಬಾಳ ನೀರು ಬೇಕು, ನನ್ನ ಕಡೆ ಒಂದ ಕೊಡ ಉಳದೈತಿ. ನಾಳೆ ನಳ ಬರತೈತಿ. ನಾಳೆ ಒಯ್ಯರಿ.”

“ನಾಳೆ ನಾ ಇರೂದಿಲ್ಲ ವೈನಿ. ಲೋಡ್ ಐತಿ. ಈಗ ಕೊಡ್ರಿ.”

ಬೇರೆಯವರಾಗಿದ್ದರೆ ಕಾಕೂ ಬೈದು ಕಳಿಸುತ್ತಿದ್ದರು. ತಡೆದು ನಿಲ್ಲುವುದು ಅವರಿಗೂ ಬಾರದ ವಿದ್ಯೆ. ಕೊಡದ ನೀರಿನಲ್ಲಿ ಅದ್ದಿ, ಝಾಡಿಸಿ, ಒದ್ದೆಯಿದ್ದಂತೆಯೇ ಕೊಟ್ಟರು. “ತಿರುಗಿ ಬಂದ ಮ್ಯಾಲ ತಂದ ಕೊಡ್ರಿ, ಮತ್ತ ತೊಳದ ಕೊಡತೀನಿ. ಮರೀಬ್ಯಾಡ್ರಿ.” ನನ್ನ ತಲೆ ಮುಟ್ಟಿ, “ಬಾಳಾ, ಮಗಳ, ನೀ ನೆನಪು ಮಾಡು,” ಎಂದರು.

ನಾನು ನೆನಪು ಮಾಡಿದೆ. ಅಪ್ಪ ಬಂದಾಗಲೆಲ್ಲ ಮಾಡಿದೆ. ಅವನು ಅದನ್ನು ಗೋಡೆಯಿಂದ ಇಳಿಸಗೊಡಲಿಲ್ಲ. “ಒಮ್ಮೆ ನಾ ಇರಲಾರದಾಗ ಹೋಗ್ಯಾಳ. ಮತ್ತ ಹೊರಗ ಕಳಸೂದಿಲ್ಲ,” ಎನ್ನುತ್ತಿದ್ದ. ಕಾಕೂ ತಾವೇ ಹೊಸ್ತಿಲಿಗೆ ಬಂದು ಕೇಳಿದ್ದೂ ಉಂಟು. ಮುಂದೆ ಹಬ್ಬದ ದಿನ ದೊಡ್ಡವ್ವ ಆ ಫೋಟೋದ ಮುಂದೆ ನಿಂತು, “ವಿಭೂತಿ ಎಲ್ಲಿ ಹಚ್ಚಲೋ ಇದಕ್ಕ? ಬೆನ್ನಿಗೇನು?” ಎಂದು ಕೇಳಿದಾಗ ಅಪ್ಪ, “ಗ್ವಾಡಿಗೆ ಹಚ್ಚು. ಆಕೀನ ಬಳದಾಳ,” ಎಂದು ಎಲ್ಲರನ್ನೂ ನಗಿಸಿದ.

ತೊಂಬತ್ತರ ನಂತರ ಬಣ್ಣದ ರೋಲುಗಳು ಬಂದವು. ಅವನ್ನು ತೊಳೆಯಲು ಕೊಲ್ಹಾಪುರಕ್ಕೆ ಕಳಿಸಬೇಕಿತ್ತು. ಕಾಕೂನ ಕತ್ತಲೆ ಕೋಣೆಗೆ ಕೆಲಸ ಉಳಿಯಲಿಲ್ಲ. ಅಂಗಡಿ ಮುಚ್ಚಿ ತಮ್ಮನ ಮನೆಗೆ ನಿಪ್ಪಾಣಿಗೆ ಹೋದರು. ಹೋಗುವ ದಿನವೂ ನಮ್ಮ ಹೊಸ್ತಿಲಲ್ಲಿ ನಿಂತೇ ಚಹಾ ಕುಡಿದರು. ನಮ್ಮ ಹಳೆಯ ಮನೆಯನ್ನೂ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದೆವು. ಸಾಗುವಾನಿಯ ಬಾಗಿಲನ್ನು ಯಾರೋ ಕೊಂಡರು.

ಆ ಔಷಧ ಫೋಟೋದಲ್ಲಿ ಉಳಿದರೆ ಏನಾಗುತ್ತದೆ ಎಂದು ನಮಗೆ ತಿಳಿದದ್ದು ನಿಧಾನಕ್ಕೆ. ಅದು ಮೊದಲು ಫೋಟೋದ ತಿಳಿ ಭಾಗಗಳನ್ನು ತಿನ್ನುತ್ತದೆ. ಹಳದಿ ಒಂದು ಮೂಲೆಯಿಂದ ಬಂತು. ಪ್ರತಿ ವರ್ಷ ಆಯಿ ಹೋದ ದಿನ, ಏನೇನು ಉಳಿದಿದೆ ಎಂದು ಡೈರಿಯಲ್ಲಿ ಬರೆಯುವ ಅಭ್ಯಾಸ ಮಾಡಿಕೊಂಡೆ. ಸೀರೆಯ ಅಂಚು ಹೋಯಿತು. ಸೊಂಟದ ಮೇಲಿನ ಕೈ ಹೋಯಿತು. ಕಳೆದ ವರ್ಷ ಓರೆ ಕತ್ತು ಕಂಡೂ ಕಾಣದಂತಿತ್ತು.

ಮಿರಜಿನಿಂದ ಬಂದ ವಾರ ನಾನು ನಿಪ್ಪಾಣಿಗೆ ಹೋದೆ. ನೆಗೆಟಿವ್ ಸಿಕ್ಕರೆ ಹೊಸ ಪ್ರತಿ ಮಾಡಿಸಬಹುದಿತ್ತು. ಕಾಕೂ ತೀರಿಕೊಂಡು ಆಗಲೇ ವರ್ಷ ಕಳೆದಿತ್ತು. ನಮಗೆ ಯಾರೂ ತಿಳಿಸಿರಲಿಲ್ಲ. ತಮ್ಮನ ಹೆಂಡತಿ ಒಳಗೆ ಕೂಡಿಸಿ ನೀರು ಕೊಟ್ಟಳು. ಫಿಲ್ಮುಗಳನ್ನು ಗುಜರಿಯವನು ಬಂದು ಡಬ್ಬಿಗಳ ಸಮೇತ ಒಯ್ದನಂತೆ, ಅವುಗಳಿಂದ ಬೆಳ್ಳಿ ತೆಗೆಯುತ್ತಾರಂತೆ. ಯಡೂರು, ಉಗಾರ, ಆ ವಾಡೆ, ನಮ್ಮ ಇಡೀ ಓಣಿ... ನನಗೆ ಅಲ್ಲಿ ಕೂತಿರಲಾಗಲಿಲ್ಲ.

ನಿನ್ನೆ ಅಪ್ಪನನ್ನು ಹೇಗೋ ಒಪ್ಪಿಸಿ, ಕಟ್ಟಿನಿಂದ ಫೋಟೋ ಬಿಚ್ಚಿಕೊಂಡು ಅಥಣಿಯ ಹೊಸ ಸ್ಟುಡಿಯೋಕ್ಕೆ ಒಯ್ದೆ. ಅಲ್ಲಿ ಫೋಟೋದ ಮೇಲಿಂದ ಫೋಟೋ ತೆಗೆದುಕೊಡುತ್ತಾರೆ. ಅಂಗಡಿಯವನು ಅದನ್ನು ದೀಪದ ಕೆಳಗಿಟ್ಟು ನೋಡಿದ.

“ಹಳೀ ಮನಿ ಬಾಳ ಚಲೋ ಬಂದೈತ್ರಿ ಅಕ್ಕಾರ. ಏನ ಬಾಗಲಾ ಅದು! ಮುಂದ ಯಾರನ್ನರೆ ನಿಂದರಿಸಿದ್ರ ಇನ್ನೂ ಚಂದ ಇರತಿತ್ತು.”

“ನಿಂತಾರ,” ಅಂದೆ.

“ಎಲ್ಲ್ರೀ?”

ಹಳದಿ ಗೋಡೆಯ ಮೇಲೆ ಬೆರಳಿಟ್ಟೆ. ಅವನು ಬಗ್ಗಿ ನೋಡಿದ, ನನ್ನ ಮುಖ ನೋಡಿದ. ನಾನು ಬೆರಳನ್ನು ಸ್ವಲ್ಪ ಎಡಕ್ಕೆ ಸರಿಸಿದೆ. ಮತ್ತೆ ಸರಿಸಿದೆ.