ಕರ್ವೆನಗರ ನಿವಾಸಿ

ಕಳೆದ ವಾರ ಬೆಲೆ ಏರಿಕೆಯ ಸುದ್ದಿಗಾಗಿ ಪುಣೆಯ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ಬೆಲ್ಲದ ಅಂಗಡಿಗಳ ಸಾಲು ದಾಟುವಾಗ ಮಳೆಗಾಲದ ಬೆಲ್ಲದ ವಾಸನೆ ಬಂತು. ತೇವ ಹಿಡಿದು ಗೋಣಿಯಿಂದ ಒಸರುವ, ತುಸು ಹುಳಿ ಬೆರೆತ ವಾಸನೆ. ಒಬ್ಬ ಹುಡುಗಿಯ ಗಾಲಿಕುರ್ಚಿಯ ಹಿಂದೆ ತೂಗುತ್ತಿದ್ದ ಬಟ್ಟೆಚೀಲಕ್ಕೆ ಸದಾ ಇದೇ ವಾಸನೆ ಇರುತ್ತಿತ್ತು. ಅವಳ ಅಪ್ಪನ ಅಂಗಡಿ ಅದೇ ಸಾಲಿನಲ್ಲಿದೆ.

ಅವಳ ಪರಿಚಯವಾದದ್ದು ಕೆಲಸದಿಂದ. ನನ್ನ ಸಂದರ್ಶನಗಳ ರೆಕಾರ್ಡಿಂಗ್ ಕೇಳಿ ಬರೆದುಕೊಡುವವರು ಬೇಕಾಗಿದ್ದರು. ಕನ್ನಡ, ಮರಾಠಿ, ಹಿಂದಿ ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡುವ ವ್ಯಾಪಾರಿಗಳ ಮಾತನ್ನು ತಪ್ಪಿಲ್ಲದೆ ಬರೆಯುವವರು ಪುಣೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅವಳು ಬರೆಯುತ್ತಿದ್ದಳು. ಆಗ ಅವಳಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಬೆನ್ನುಹುರಿಯ ದೋಷದಿಂದ ಹುಟ್ಟಿನಿಂದಲೇ ಸೊಂಟದ ಕೆಳಗೆ ಬಲವಿರಲಿಲ್ಲ. ಮೊದಲ ಸಲ ಫೋನ್ ಮಾಡಿದವಳು ಕೇಳಿದ್ದು ಒಂದೇ ಪ್ರಶ್ನೆ: "ಕಾಕಾ, ನಿಮ್ಮ ಮಂತ್ರಿ ಭಾಳ ಕೆಮ್ಮತಾರ. ಕೆಮ್ಮೂ ಬರೀಬೇಕೇನ್ರಿ?"

ಅಪ್ಪ ಮಹಾಲಿಂಗಪುರ ಕಡೆಯವರು, ಬೆಲ್ಲದ ಸಗಟು ವ್ಯಾಪಾರ. ಅಮ್ಮ ಖಡಕಿಯಲ್ಲಿ ರಕ್ಷಣಾ ಇಲಾಖೆಯ ಕಚೇರಿಯೊಂದರಲ್ಲಿ ಗುಮಾಸ್ತೆ. ಮಗಳು ಶಾಲೆಯಲ್ಲಿದ್ದಾಗಲೇ ಅವರ ವಿಚ್ಛೇದನವಾಗಿತ್ತು. ತಿಂಗಳಲ್ಲಿ ಅರ್ಧ ಅಪ್ಪನ ಬಳಿ, ಅರ್ಧ ಅಮ್ಮನ ಬಳಿ ಎಂದು ಆಗ ಆದ ಏರ್ಪಾಡು, ಅವಳು ದೊಡ್ಡವಳಾದ ಮೇಲೂ ನಿಲ್ಲಲಿಲ್ಲ. ಎರಡೂ ಮನೆಗಳಲ್ಲಿ ಅವಳಿಗೊಂದು ಮಂಚ, ಬಾಗಿಲಿಗೊಂದು ಇಳಿಜಾರು, ಕಪಾಟಿನಲ್ಲಿ ಅವೇ ಔಷಧಿಗಳು. ಒಬ್ಬರು ಹೊಸ ಹಾಸಿಗೆ ತಂದರೆ ಇನ್ನೊಬ್ಬರು ಅದಕ್ಕಿಂತ ದಪ್ಪದ್ದನ್ನು ತರುತ್ತಿದ್ದರು.

ಅವಳನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಒಪ್ಪಿಸುತ್ತಿದ್ದುದು ಶಿವಾಜಿನಗರದ ಒಂದು ಪೆಟ್ರೋಲ್ ಪಂಪಿನಲ್ಲಿ, ಗಾಳಿ ತುಂಬುವ ಜಾಗದ ಪಕ್ಕ. ನಾನೊಮ್ಮೆ ನೋಡಿದ್ದೇನೆ. ಅಪ್ಪ ಅವಳನ್ನು ಎತ್ತಿ ಅಮ್ಮ ಕರೆತಂದಿದ್ದ ರಿಕ್ಷಾದಲ್ಲಿ ಕೂರಿಸಿದರು. ಅಮ್ಮ ಅವಳ ಸೆರಗು... ಅಲ್ಲ, ದುಪಟ್ಟಾ ಸರಿಮಾಡಿದರು. ಗಂಡಹೆಂಡಿರಾಗಿದ್ದ ಆ ಇಬ್ಬರ ನಡುವೆ ಒಂದು ಮಾತೂ ಆಗಲಿಲ್ಲ. ಹೇಳಬೇಕಾದದ್ದನ್ನೆಲ್ಲ ಮಗಳ ಮೂಲಕ ಹೇಳಿದರು.

"ನಾ ಒಂದು ಬೆಲ್ಲದ ಪೆಂಟೆ ಇದ್ದಂಗ್ರಿ ಕಾಕಾ," ಎಂದು ಅವಳು ಆಮೇಲೆ ನಕ್ಕಳು. "ಈ ಕಡೆ ಲೋಡಿಂಗ್, ಆ ಕಡೆ ಅನ್‌ಲೋಡಿಂಗ್. ಹಮಾಲಿ ರೊಕ್ಕ ಮಾತ್ರ ಯಾರೂ ಕೇಳಂಗಿಲ್ಲ."

ತನ್ನದೇ ಒಂದು ಬಾಡಿಗೆ ಮನೆ ಬೇಕೆಂದು ಅವಳು ಹೇಳಿದ್ದು ಆ ದಿನವೇ. ಬಾಡಿಗೆ ಕಟ್ಟುವಷ್ಟು ದುಡಿಯುತ್ತಿದ್ದಳು. ಬೆಳಿಗ್ಗೆ, ಸಂಜೆ ಬಂದುಹೋಗಲು ಮನೆಗೆಲಸದ ಒಬ್ಬ ಹೆಂಗಸನ್ನೂ, ಇಲ್ಲಿಯವರ ಮಾತಿನಲ್ಲಿ 'ಬಾಯಿ'ಯನ್ನು, ಗೊತ್ತುಮಾಡಿಕೊಂಡಿದ್ದಳು. ಮನೆ ಮಾತ್ರ ಸಿಗುತ್ತಿರಲಿಲ್ಲ. ನೆಲಮಹಡಿ ಇದ್ದಲ್ಲಿ ಬಚ್ಚಲುಮನೆಯ ಬಾಗಿಲು ಕಿರಿದು, ಬಾಗಿಲು ಅಗಲ ಇದ್ದಲ್ಲಿ ಮಾಲೀಕರಿಗೆ ಅನುಮಾನ. ಅಪ್ಪ ತೋರಿಸಿದ ಮನೆಗಳು ಅಂಗಡಿಯ ಹಿಂದೆಯೇ ಇದ್ದವು. ಅಮ್ಮ ತೋರಿಸಿದವು ಖಡಕಿ ದಾಟುತ್ತಿರಲಿಲ್ಲ. ಕೊನೆಗೆ ಅವಳೇ ಕರ್ವೆನಗರದಲ್ಲಿ ಒಂದನ್ನು ಹುಡುಕಿದಳು. ಅಲ್ಲೇ ಯಾಕೆ ಎಂದು ಕೇಳಿದ್ದಕ್ಕೆ, "ಇಬ್ಬರಿಗೂ ದೂರ ಆಗ್ತದ್ರಿ," ಎಂದಳು.

ಮನೆಯೊಡತಿ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಮರಾಠಿ ಅಜ್ಜಿ, ಒಬ್ಬಂಟಿ. ತಂದೆತಾಯಿ ಇಬ್ಬರೂ ಒಮ್ಮೆ ಬಂದು ತನ್ನೆದುರು ಒಪ್ಪಿಗೆ ಹೇಳಬೇಕು ಎಂಬುದೊಂದೇ ಅವರ ಷರತ್ತು. ಇಬ್ಬರೂ ಬಂದರು. ಎರಡೂ ಕಡೆಯವನಲ್ಲದ ಒಬ್ಬ ಇರಲಿ ಎಂದು ಅವಳು ನನ್ನನ್ನೂ ಕರೆದಿದ್ದಳು. ಅವಳನ್ನು ಅಪ್ಪ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಅಜ್ಜಿಯ ಪಡಸಾಲೆಯಲ್ಲಿ ಚಹಾ ಆಯಿತು, ಮಾತೆಲ್ಲ ಮುಗಿಯಿತು. ಅಜ್ಜಿ ಎರಡು ಕೀಲಿಗಳನ್ನು ಟೀಪಾಯಿಯ ಮೇಲಿಟ್ಟರು.

"ಒಂದು ಆಕಿ ಕಡೆ ಇರಲಿ. ಇನ್ನೊಂದು ನನಗ ಕೊಡ್ರಿ," ಎಂದರು ಅಪ್ಪ.

ಅಮ್ಮ ಅವರತ್ತ ನೋಡಲಿಲ್ಲ, ನನ್ನತ್ತ ತಿರುಗಿದರು. "ಅಣ್ಣಾರ, ಕೇಳ್ರಿ ಇವರಿಗೆ. ಆಕಿ ಬಿದ್ರ ಎಬ್ಬಸಾಕ ಬರವರು ಯಾರು? ಅಂಗಡಿಯೊಳಗ ಕುಂತ್ರ ಫೋನರ ಎತ್ತತಾರೇನು ಇವರು?"

"ನೀ ಖಡಕಿಯಿಂದ ಹಾರಿ ಬರ್ತಿಯೇನು?"

"ಹಾರೇ ಬರ್ತೀನಿ. ಮಗಳು ನನ್ನಾಕಿ."

"ಎರಡೂ ನನಗಽ ಕೊಡ್ರಿ," ಎಂದಳು ಮಗಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳು ಮತ್ತೆ ಹೇಳಿದಳು. ಇಬ್ಬರ ದನಿಯೂ ಏರಿತ್ತು. ಕೊನೆಗೆ ಅಜ್ಜಿ "ಮಾಝ್ಯಾಕಡೆ ರಾಹೂ ದ್ಯಾ," ನನ್ನ ಹತ್ತಿರವೇ ಇರಲಿ ಬಿಡಿ ಎಂದು, ಎರಡನೆಯ ಕೀಲಿಯನ್ನು ಎತ್ತಿಕೊಂಡು ಒಳಗೆ ಹೋದರು. ಮನೆಗಾಗಿ ನಡೆದ ಅಷ್ಟು ದಿನಗಳ ಜಗಳ ಆ ಕೀಲಿಗೆ ಬಂದು ನಿಂತಿತ್ತು.

ದಸರೆಯ ಹೊತ್ತಿಗೆ ಅವಳು ಆ ಮನೆಗೆ ಬಂದಳು. ಒಂದು ಕುಳ್ಳ ಮೇಜಿನ ಮೇಲೆ ಗ್ಯಾಸ್ ಒಲೆ ಇಟ್ಟುಕೊಂಡು ಅಡುಗೆ ಕಲಿತಳು. ನನಗೂ ಒಮ್ಮೆ ಝುಣಕ, ರೊಟ್ಟಿ ಬಡಿಸಿದಳು. "ಕರಕಲಾಗ್ಯಾವ್ರಿ ಕಾಕಾ, ಬೈಬ್ಯಾಡ್ರಿ. ನನ್ನ ಮನ್ಯಾಗ ಕರಕಲಾಗಿದ್ದು." ಸಂಕ್ರಾಂತಿಗೆ ಅಪ್ಪ, ಅಮ್ಮ ಇಬ್ಬರನ್ನೂ ಊಟಕ್ಕೆ ಕರೆದಳು. ಇನ್ನೊಬ್ಬರು ಬರುತ್ತಾರೇನೋ ಎಂದು ಇಬ್ಬರೂ ಬರಲಿಲ್ಲ. ಗೋಧಿ, ಬೆಲ್ಲದ ಮಾದಲಿ ಮಾಡಿದ್ದಳಂತೆ. ಕೆಲಸದ ಬಾಯಿ ಮನೆಗೆ ಒಯ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಮಂಚದಿಂದ ಕುರ್ಚಿಗೆ ದಾಟುವಾಗ ಬಿದ್ದಳು. ಸಂಜೆ ಬಾಯಿ ಬರುವವರೆಗೆ ನೆಲದ ಮೇಲೆಯೇ ಇದ್ದಳು. ಭುಜಕ್ಕೆ ಪೆಟ್ಟಾಗಿತ್ತು. ಸುದ್ದಿ ತಿಳಿದ ಅಮ್ಮ ಅಜ್ಜಿಯ ಮುಂದೆ ಅತ್ತರು, ಒಂದು ದಿನದ ಮಟ್ಟಿಗೆಂದು ಕೀಲಿ ಪಡೆದು ನಕಲು ಮಾಡಿಸಿಕೊಂಡರು. ಅದು ಅಪ್ಪನಿಗೆ ಗೊತ್ತಾಯಿತು. ಅವರೂ ಬಂದು ಕೇಳಿದರು. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆನ್ನಲು ಅಜ್ಜಿಗೆ ಆಗಲಿಲ್ಲ. ಅವರೂ ನಕಲು ಮಾಡಿಸಿದರು. ಮೇಲಿನಿಂದ ಕೀಲಿ ಕೈಬದಲಾದದ್ದು ಕೆಳಗಿದ್ದವಳಿಗೆ ತಿಳಿಯಲೇ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಗದ್ದಲಕ್ಕೆ. ಅಮ್ಮ ಹಾಲು ತಂದಿದ್ದರು, ಅಪ್ಪ ಡಾಕ್ಟರ ಹತ್ತಿರ ಕರೆದೊಯ್ಯಲು ಗಾಡಿ ತಂದಿದ್ದರು. ಇಬ್ಬರೂ ಅವಳ ಪಡಸಾಲೆಯಲ್ಲಿ ನಿಂತು, ನಿನಗೆ ಕೀಲಿ ಕೊಟ್ಟವರು ಯಾರು ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಅಜ್ಜಿಯ ಮನೆಯ ಆ ಜಗಳ ಬಿಟ್ಟರೆ, ಅಷ್ಟು ವರ್ಷಗಳಲ್ಲಿ ಅವರು ನೇರವಾಗಿ ಮಾತಾಡಿದ್ದು ಅದೇ ಮೊದಲಿರಬೇಕು... ಭುಜ ನೋಯುತ್ತಿದ್ದುದರಿಂದ ಬಾಯಿ ಬರುವವರೆಗೆ ಅವಳು ಏಳುವಂತಿರಲಿಲ್ಲ.

"ನಾ ಮಲಗೇ ಇದ್ದೆ ಕಾಕಾ," ಎಂದು ಆಮೇಲೆ ಹೇಳಿದಳು. "ಹೊರಗ ನಡ್ರಿ ಅಂತ ಒದರಿದೆ. ನನ್ನ ಮನಿ ಅದು. ಕರದಾಗ ಬರಲಿಲ್ಲ, ಕರೀದಽ ಬಂದು ನಿಂತಾರ. ಬಾಗಲದ ಬೆಲ್ಲೂ ಒತ್ತಲಿಲ್ರಿ."

ಜಗಳ ಮೆಟ್ಟಿಲಿಗೆ ಬಂತು, ಇಡೀ ಕಟ್ಟಡಕ್ಕೆ ಕೇಳಿಸಿತು. ಅಜ್ಜಿ ಕೆಳಗಿಳಿದು ಬಂದು ಅವಳ ತಲೆ ಸವರಿ, ಈ ವಯಸ್ಸಿನಲ್ಲಿ ಇದೆಲ್ಲ ನನ್ನಿಂದಾಗದು ಮಗಳೇ, ಬೇರೆ ಕಡೆ ನೋಡಿಕೋ ಎಂದರು. ಅವರು ಕೆಟ್ಟವರಲ್ಲ. ಕೆಟ್ಟವರೆಂದು ಅವಳೂ ಎಂದೂ ಹೇಳಲಿಲ್ಲ.

ಭುಜ ವಾಸಿಯಾಗಲಿಲ್ಲ. ತೋಳಿನ ಬಲವಿಲ್ಲದೆ ಮಂಚದಿಂದ ಕುರ್ಚಿಗೆ ದಾಟಲಾಗದು, ಹಾಗೆ ದಾಟಲಾಗದವಳಿಗೆ ಒಂಟಿಯಾಗಿ ಮನೆ ಕೊಡುವವರು ಸಿಗಲಿಲ್ಲ. ಅಪ್ಪನ ಮನೆಗೆ ಹೋದರೆ ಅಮ್ಮ ಸೋತಂತೆ, ಅಮ್ಮನ ಮನೆಗೆ ಹೋದರೆ ಅಪ್ಪ ಸೋತಂತೆ. ಆಗ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದರು. ಇಂದಾಪುರದ ಆಚೆ ಇಂಥವರನ್ನು ನೋಡಿಕೊಳ್ಳುವ ಒಂದು ಆಶ್ರಮವಿದೆ, ಅಲ್ಲಿರಲಿ ಎಂದು. ವಿಚ್ಛೇದನದ ನಂತರ ಅವರು ಒಪ್ಪಿದ ಮಾತು ಅದೊಂದೇ ಎಂದು ಅವಳೇ ಹೇಳಿದಳು. ಮತ್ತೆ ಪೆಟ್ರೋಲ್ ಪಂಪಿಗೆ ಹೋಗಲಾರೆ ಎಂದು ಅವಳೂ ಹೂಂ ಅಂದಳು.

ಎಸ್ಟಿ ಬಸ್ಸಿನಲ್ಲಿ ಒಮ್ಮೆ ಹೋಗಿ ನೋಡಿಬಂದೆ. ಸುತ್ತ ಕಬ್ಬು, ಉದ್ದನೆಯ ಒಂದು ಹಜಾರ, ಸಾಲಾಗಿ ಮಂಚಗಳು. ಚೊಕ್ಕಟವಾಗಿಟ್ಟಿದ್ದರು. ಹೇಗಿದ್ದೀ ಎಂದೆ.

"ಆರಾಮ ಅದೀನ್ರಿ," ಎಂದಳು. "ಇಲ್ಲಿ ಕೀಲಿ ಜಗಳಾನೇ ಇಲ್ಲ ಕಾಕಾ. ಯಾವ ಬಾಗಲಕ್ಕೂ ಕೀಲಿ ಇಲ್ಲ."

ನಂತರದ ಮಳೆಗಾಲದಲ್ಲಿ ಮೂತ್ರಪಿಂಡಕ್ಕೆ ಸೋಂಕು ತಗುಲಿ ತೀರಿಕೊಂಡಳು. ಸುದ್ದಿ ಹಾಕಿಸಬೇಕೆಂದು ಇಬ್ಬರೂ ನನಗೆ ಬೇರೆಬೇರೆಯಾಗಿ ಫೋನ್ ಮಾಡಿದರು. ನಮ್ಮ ಪತ್ರಿಕೆಯ ನಿಧನ ವಾರ್ತೆಯಲ್ಲಿ ಹೆಸರು, ವಯಸ್ಸಿನ ನಂತರ 'ನಿವಾಸಿ' ಎಂದು ಬರುತ್ತದೆ. ತಮ್ಮ ಮನೆಯಿರುವ ಗುಲ್‌ಟೇಕಡಿ ಎಂದು ಹಾಕಿ ಎಂದರು ಅಪ್ಪ. ಖಡಕಿ ಎಂದರು ಅಮ್ಮ. ನಿಯಮದಂತೆ ಕೊನೆಯ ವಾಸದ ಊರು ಹಾಕಬೇಕು, ಅಂದರೆ ಇಂದಾಪುರ. ಆ ಮೂರನ್ನೂ ಆರಿಸಿದವಳು ಅವಳಲ್ಲ. ನಾನು ಕರ್ವೆನಗರ ಎಂದು ಬರೆದುಕೊಟ್ಟೆ. ಹಾಗೆಯೇ ಅಚ್ಚಾಯಿತು.

ಕಳೆದ ವಾರ ಆ ಸಾಲಿನಲ್ಲಿ ಹೋಗುತ್ತಿದ್ದ ನನ್ನನ್ನು ಅಪ್ಪ ಗಾದಿಯ ಮೇಲಿಂದಲೇ ಕೂಗಿ ಕರೆದರು. ಮುದುಕರಾಗಿದ್ದಾರೆ. ಚಹಾ ತರಿಸಿದರು. ಮಾರುಕಟ್ಟೆಯ ಮಾತು ಮುಗಿದ ಮೇಲೆ, "ಆವತ್ತ ಪೇಪರಿನ್ಯಾಗ ತಪ್ಪು ಹಾಕಿದ್ರಿ ನೀವು," ಎಂದರು.

"ತಪ್ಪಲ್ರಿ," ಎಂದೆ.

ಅವರು ಹಮಾಲರು ಇಳಿಸುತ್ತಿದ್ದ ಗೋಣಿಗಳನ್ನು ಎಣಿಸತೊಡಗಿದರು. ನಾನು ಏಳುವ ಹೊತ್ತಿಗೆ, "ಆ ಮನ್ಯಾಗ ಈಗ ಯಾರದಾರ್ರಿ?" ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ.

"ಒಳಗ ಹೆಂಗಿತ್ತು? ನಾ ಸರಿಯಾಗಿ ನೋಡಲೇ ಇಲ್ಲ..." ಎಂದರು.

ನಾನು ಮತ್ತೆ ಕೂತೆ. ನೆನಪಿದ್ದಷ್ಟನ್ನು ಹೇಳಿದೆ.