ನಾದಿನಿ ಬಾಯಿ ಮುಚ್ಚಿಸದ ದೂರು

ಏನಾದರೂ ತೊಡಕು ಎದುರಾದಾಗ ನನ್ನ ನಾದಿನಿ ಕೆಳತುಟಿಯನ್ನು ಒಂಚೂರು ಒಳಗೆಳೆದುಕೊಳ್ಳುತ್ತಾಳೆ. ಆ ಭಾನುವಾರ ವಾಸ್ಕೋದ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಗಿನಿಂದ ಹಾಗೆಯೇ ಕೂತಿದ್ದಳು. ಎದುರಿಗೆ ನಾನು ಕೆಂಪು ಹರಿವೆ ಸೋಸುತ್ತಿದ್ದೆ.

ಹತ್ತಿರದ ಸಾಂಕೋಲೆಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಅವಳ ಕೆಲಸ. ಅಲ್ಲಿಗೆ ಬರುವ ಇ-ಮೇಲ್‌ಗಳನ್ನು ಅವರವರ ಪೆಟ್ಟಿಗೆಗೆ ಹಾಕುವ ಪ್ರೋಗ್ರಾಂ ಅವಳ ಸುಪರ್ದಿನಲ್ಲಿತ್ತು. ಶುಕ್ರವಾರ ಕರೆಂಟು ಹೋಗಿ ಬಂದ ಮೇಲೆ ಅದು, ಒಂದು ಪೆಟ್ಟಿಗೆಗೆ ಏನನ್ನೂ ಹಾಕಲಾಗುತ್ತಿಲ್ಲವೆಂದು ಮತ್ತೆ ಮತ್ತೆ ದೂರತೊಡಗಿತ್ತು. ದೂರುಗಳೆಲ್ಲ ಹೋಗುತ್ತಿದ್ದುದು ಅವಳ ಸಾಹೇಬರಿಗೆ. ಸೋಮವಾರದೊಳಗೆ ಇವು ನಿಲ್ಲದಿದ್ದರೆ ಅವಳ ನೌಕರಿ ಖಾಯಂ ಮಾಡುವ ವಿಚಾರ ಮತ್ತೊಮ್ಮೆ ನೋಡಬೇಕಾಗುತ್ತದೆ ಎಂದು ಅವರು ಫೋನಿನಲ್ಲಿ, ಪಕ್ಕದಲ್ಲಿದ್ದ ನನಗೂ ಕೇಳುವಂತೆ, ಹಿಂದಿಯಲ್ಲಿ, ತೀರ ಮೆತ್ತಗೆ ಹೇಳಿದ್ದರು. ಆ ಮೆತ್ತಗಿನ ದನಿಯೇ ನನಗೆ ಹೆದರಿಕೆ ತಂದಿತ್ತು.

ನಿಲ್ಲಿಸುವುದೇನೂ ಕಷ್ಟವಿರಲಿಲ್ಲವಂತೆ. ದೂರು ಬಂದರೆ ಯಾರಿಗೂ ತೋರಿಸದೆ ಎಸೆದುಬಿಡು ಎಂದು ಪ್ರೋಗ್ರಾಂಗೆ ಹೇಳಿದರಾಯಿತು. ಪೇಪರಿನ ಹಿಂದಿನಿಂದ ನನ್ನ ಯಜಮಾನರೂ ಅದನ್ನೇ ಅಂದರು.

"ಒಂದ್ ಸಾಲು ಬರದು ಅದರ ಬಾಯಿ ಮುಚ್ಚಸವಾ. ಊಟಕ್ಕ ಹೊತ್ತಾತು."

"ಬಾಯಿ ಮುಚ್ಚಿಸಿದ್ರ ಹೊಟ್ಟಿನೋವು ಹೋಗತೈತೇನಣ್ಣಾ?" ಅಂದಳು, ಪರದೆಯಿಂದ ಕಣ್ಣು ತೆಗೆಯದೆ. ಅವರು ಪೇಪರ್ ತಿರುವಿದರು.

ನಾನು ಸೊಪ್ಪು ತೊಳೆದು ಬರುವಷ್ಟರಲ್ಲಿ ಅವಳ ತುಟಿ ಸಡಿಲಾಗಿತ್ತು. ಸಿಕ್ಕಿತೆಂದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ತಿಳಿಸಿ ಹೇಳಿದಳು. ಪೆಟ್ಟಿಗೆಗೆ ಮೇಲ್ ಹಾಕುವಾಗ ಪ್ರೋಗ್ರಾಂ ಅಲ್ಲೊಂದು ಸಣ್ಣ ಗುರುತು ಇಡುತ್ತದೆ: ನಾನು ಒಳಗಿದ್ದೇನೆ, ಬೇರೆ ಯಾರೂ ಬರಬೇಡಿ. ಕೆಲಸ ಮುಗಿದ ಮೇಲೆ ತಾನೇ ತೆಗೆಯುತ್ತದೆ. ಶುಕ್ರವಾರ ಮಧ್ಯದಲ್ಲೇ ಕರೆಂಟು ಹೋಗಿ ಗುರುತು ಅಲ್ಲೇ ಉಳಿದಿತ್ತು. ಆಮೇಲಿನ ಮೇಲ್‌ಗಳೆಲ್ಲ ಅದನ್ನು ಕಂಡು ಹೊರಗೆ ಸಾಲುಗಟ್ಟಿದ್ದವು.

ನನಗೆ ನಮ್ಮ ಕಾನ್ವೆಂಟಿನ ಪಿಯಾನೋ ಕೋಣೆ ನೆನಪಾಗಿ ಅವಳಿಗೆ ಹೇಳಿದೆ. ಅಭ್ಯಾಸಕ್ಕೆ ಹೋದವಳು ಬಾಗಿಲಿಗೆ ಒಂದು ಮರದ ಬಿಲ್ಲೆ ತೂಗುಹಾಕಬೇಕಿತ್ತು. ಒಮ್ಮೆ ಯಾರೋ ಅದನ್ನು ತೆಗೆಯದೆ ಮನೆಗೆ ಹೋದರು. ಉಳಿದವರೆಲ್ಲ ಬಂದು, ಬಿಲ್ಲೆ ನೋಡಿ, ಕಾಲ ಸಪ್ಪಳವಾಗದಂತೆ ಹಿಂದಿರುಗುತ್ತಿದ್ದೆವು. ಒಳಗಿಂದ ಒಂದು ಸ್ವರವೂ ಕೇಳಿಸುತ್ತಿಲ್ಲವೆಂದು ಯಾರಿಗೂ ಹೊಳೆದಿರಲಿಲ್ಲ.

"ಆಮ್ಯಾಲ ಏನಾತು?" ಎಂದಳು ನಾದಿನಿ.

"ಸಿಸ್ಟರ್ ಬಂದು ಬಾಗಲಾ ಬಡದ್ರು."

"ಮತ್ತ, ಅದನ್ನ ನಾನೂ ಮಾಡಬೇಕ್ರಿ ವೈನಿ. ಖರೇನ ಯಾರರ ಒಳಗಿದ್ರ?"

ಒಳಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಅವಳು ಗುರುತನ್ನು ಅಳಿಸಿದ್ದು. ನಿಂತಿದ್ದ ಮೇಲ್‌ಗಳು ಒಂದೊಂದಾಗಿ ಒಳಗೆ ಬಿದ್ದವು. ಕಾರ್ಮಿಕರ ಪರವಾಗಿ ಅವರ ಸೂಪರ್‌ವೈಸರ್‌ಗಳು ಕಳಿಸಿದ ರಜೆಯ ಕೋರಿಕೆಗಳು ಅವು. ಅಲ್ಲಿಗೂ ಅವಳು ಏಳಲಿಲ್ಲ. ಇನ್ನು ಮುಂದೆ ಇಂಥ ಗುರುತು ಕಂಡರೆ ಅದು ಎಷ್ಟು ಹಳೆಯದು, ಇಟ್ಟವರು ಇನ್ನೂ ಒಳಗಿದ್ದಾರೆಯೇ ಎಂದು ನೋಡುವುದನ್ನು ಪ್ರೋಗ್ರಾಂಗೆ ಕಲಿಸಿದಳು. ಸಾರನ್ನು ಎರಡು ಸಲ ಬಿಸಿ ಮಾಡಿದೆ. ನನಗೆ ಬೇಸರವೆನಿಸಲಿಲ್ಲ.

ಸೋಮವಾರ ಸಾಹೇಬರು, ಬಾಯಿ ಮುಚ್ಚಿಸಿದಿರಲ್ಲ, ಇಷ್ಟೇ ಬೇಕಿತ್ತು ಎಂದು ಹೊಗಳಿದರಂತೆ. ಸುಮ್ಮನೆ ತಲೆಯಾಡಿಸಿದ್ದರೆ ಕೆಲಸ ಖಾಯಂ. ಇವಳು, ಮುಚ್ಚಿಸಿಲ್ಲ ಸರ್, ಅದಕ್ಕೆ ದೂರಲು ಈಗ ಏನೂ ಇಲ್ಲ, ನಾಳೆ ಇದ್ದರೆ ಮತ್ತೆ ದೂರುತ್ತದೆ ಎಂದಳು. ಅವರು ಪೆನ್ನಿನ ಮುಚ್ಚಳ ತೆಗೆದು, ಹಾಗಾದರೆ ಇನ್ನು ಮೇಲೆ ದೂರುಗಳೆಲ್ಲ ನೇರವಾಗಿ ನಿಮಗೇ ಬರಲಿ ಎಂದು ಖಾಯಂ ಕಾಗದಕ್ಕೆ ಸಹಿ ಹಾಕಿದರು.

ಅಂದು ರೊಟ್ಟಿ ಬಡಿಯುತ್ತಿದ್ದಾಗ ಅವಳ ಫೋನು ಸದ್ದು ಮಾಡಿತು. ಮೊದಲ ದೂರು. ಹಿಟ್ಟಿನ ಕೈ ತೊಳೆದು, ಸೀರೆಯ ಸೆರಗಿಗೆ ಒರೆಸಿಕೊಂಡು, ಮನೆಗೆ ಬಂದ ನೆಂಟರ ಮಾತು ಕೇಳುವಂತೆ ಅದನ್ನು ಓದತೊಡಗಿದಳು. ಕೆಳತುಟಿ ಆಗಲೇ ಒಳಗೆ ಹೋಗಿತ್ತು.