ಮುರಿದ ಊದುಬತ್ತಿ

ಬಟ್ಟಲಿನ ಬೂದಿಗೆ ಚುಚ್ಚುತ್ತಿದ್ದಂತೆ ಊದುಬತ್ತಿ ಚಟ್ಟನೆ ಎರಡು ತುಂಡಾಯಿತು. ಜಪಾನಿನ ಊದುಬತ್ತಿಯೊಳಗೆ ಬಿದಿರುಕಡ್ಡಿ ಇರುವುದಿಲ್ಲ, ಬರೀ ಗಂಧದ ಪುಡಿ ಕಲಸಿ ಒಣಗಿಸಿದ್ದು. ನಾನೋ, ಮನೆಯಲ್ಲಿ ಬಾಳೆಹಣ್ಣಿಗೆ ಸಿಕ್ಕಿಸುವ ಹಾಗೆ ಒತ್ತಿಬಿಟ್ಟಿದ್ದೆ. ಅದೂ ಎಲ್ಲಿ? ಫುನಾಬೊರಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಮೊರಿ ಸಾನ್ ಅವರ ತೀರಿಹೋದ ಯಜಮಾನರ ಫೋಟೊ ಮುಂದೆ!

"ಸುಮಿಮಾಸೆನ್" ಎಂದು ಕ್ಷಮೆ ಕೇಳಿದೆ.

ಮೊರಿ ಸಾನ್ ನಕ್ಕು, ತಮ್ಮ ಊದುಬತ್ತಿಯನ್ನೂ ಮುರಿದರು. ತುಂಡುಗಳನ್ನೆಲ್ಲ ಹಚ್ಚಿ ಬೂದಿಯ ಮೇಲೆ ಮಲಗಿಸಿದರು. "ನಮ್ಮನೇಲಿ ಮುರಿದೇ ಹಚ್ಚೋದು, ತಲೆ ಕೆಡಿಸ್ಕೋಬೇಡಿ" ಎಂದು ನನಗೆ ಅರ್ಥವಾಗುವಂತೆ ನಿಧಾನವಾಗಿ ಜಪಾನಿಯಲ್ಲಿ ಹೇಳಿದರು. ಹೊಗೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ತೇಲಿದವು. ಗಂಧ, ಲವಂಗ, ಜೊತೆಗೆ ಹಳೆಯ ಮರದ ಪೆಟ್ಟಿಗೆ ತೆರೆದಂಥ ಪರಿಮಳ. ಏಳುವಾಗ ನೋಡಿದೆ: ಬೂದಿಯಲ್ಲಿ ಹಳೆಯ ಮೋಟುಗಳೆಲ್ಲ ನೆಟ್ಟಗೆ ನಿಂತಿದ್ದವು. ಆ ಮನೆಯಲ್ಲಿ ಯಾರೂ ಊದುಬತ್ತಿ ಮುರಿಯುತ್ತಿರಲಿಲ್ಲ.

ಮೊನ್ನೆ ಮತ್ತೆ ಹೋಗಿದ್ದೆ. ಬೂದಿಯ ತುಂಬ ಮಲಗಿ ಉರಿದ ಗೆರೆಗಳು, ಜೋಡಿ ಜೋಡಿಯಾಗಿ. ನನ್ನ ಮಾನ ಉಳಿಸಲು ಹೇಳಿದ ಸುಳ್ಳನ್ನು ಅವರು ದಿನಾ ನಿಜ ಮಾಡುತ್ತಿದ್ದಾರೆ.